ಶುಕ್ರವಾರ ಸಾರಿಸಿದ ನೆಲ

ಒಂದು ಮಾರು ಮುಂದೆ ಹೋದ ಗಾಲಿಮಣೆ ಗಕ್ಕನೆ ನಿಂತುಬಿಟ್ಟಿತು. ಅಪ್ಪ ಮತ್ತೊಮ್ಮೆ ತಳ್ಳಿದ. ಮೇಲೆ ನಿಲ್ಲಿಸಿ ಹಗ್ಗ ಬಿಗಿದಿದ್ದ ಮೋಟರ್ ಸೈಕಲ್ ಅಲುಗಾಡಿತೇ ಹೊರತು ಮಣೆ ಜಗ್ಗಲಿಲ್ಲ. ಮಾದೇವಿ ಬಗ್ಗಿ ನೋಡಿದಳು. ನಾಲ್ಕೂ ಗಾಲಿ ಎರಡೆರಡು ಬೆರಳು ನೆಲದಲ್ಲಿ ಹೂತಿದ್ದವು.

ಅಯ್ಯೋ ಶಿವನೇ, ಇದು ತನ್ನದೇ ಕೆಲಸ!

ಅರಸೀಕೆರೆಯಲ್ಲಿ ಆಗ ಇದ್ದದ್ದೇ ಎರಡೋ ಮೂರೋ ಮೋಟರ್ ಸೈಕಲ್. ಕೆಟ್ಟರೆ ಎಲ್ಲವೂ ಬರುತ್ತಿದ್ದದ್ದು ಮಾದೇವಿಯ ಅಪ್ಪ ಮರುಳಪ್ಪನ ಶೆಡ್ಡಿಗೆ. ಶೆಡ್ಡೋ ಬಲು ಇಕ್ಕಟ್ಟು. ಗಾಡಿ ತಿರುಗಿಸಬೇಕೆಂದರೆ ಎತ್ತಿಯೇ ತಿರುಗಿಸಬೇಕು. ಹೋದ ತಿಂಗಳು ಹಾಗೆ ಎತ್ತಲು ಹೋಗಿ ಸೊಂಟ ಹಿಡಿದು, ಅಪ್ಪ ಎಂಟು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಇನ್ನೊಂದು ಸಲ ಹೀಗಾದರೆ ಶೆಡ್ಡಿಗೆ ಬೀಗ ಹಾಕಿಬಿಡಿ ಎಂದು ಅವ್ವ ಕಡ್ಡಿ ಮುರಿದಂತೆ ಹೇಳಿದ್ದಳು. ಅದಕ್ಕೇ ಈ ಗಾಲಿಮಣೆ. ದಪ್ಪ ಹಲಗೆ, ಅಡಿಯಲ್ಲಿ ಕಬ್ಬಿಣದ ಪುಟ್ಟ ಗಾಲಿಗಳು. ಎತ್ತುವುದೇ ಬೇಡ, ತಳ್ಳಿದರೆ ಸಾಕು.

ಹೊಸ ಸಾಮಾನು, ಮೊದಲ ದಿನ, ಅದೂ ಶುಕ್ರವಾರ. ನೆಲ ಸಾರಿಸದಿದ್ದರೆ ಆದೀತೇ? ಬೆಳಿಗ್ಗೆ ಬೇಗ ಎದ್ದು ಮಾದೇವಿ ಹಳ್ಳಗಳಿಗೆಲ್ಲ ಕೆಮ್ಮಣ್ಣು ತುಂಬಿ, ಕೊಡಗಟ್ಟಲೆ ನೀರು ಸುರಿದು, ಸಗಣಿ ಸಾರಿಸಿ, ರಂಗೋಲಿಯನ್ನೂ ಬಿಟ್ಟಿದ್ದಳು. ಅಪ್ಪ ಖುಷಿಯಾಗಿ ಮೆಟ್ಟು ಹೊರಗೆ ಬಿಟ್ಟು ಒಳಗೆ ಬಂದಿದ್ದ. ಅಡಿಯ ಮಣ್ಣು ಹಸಿ ಎಂಬುದು ಇಬ್ಬರ ತಲೆಗೂ ಹೊಳೆದಿರಲಿಲ್ಲ.

ಹತ್ತು ಗಂಟೆಗೆ ಡಾಕ್ಟರ್ ಚನ್ನಬಸವಯ್ಯನವರು ರಿಪೇರಿಯಾದ ತಮ್ಮ ಈ ಗಾಡಿ ಒಯ್ಯಲು ಬರುತ್ತಾರೆ. ಗಂಡಸಿಯಲ್ಲಿ ರೋಗಿಗಳು ಅವರಿಗಾಗಿ ಕಾಯುತ್ತಿದ್ದಾರೆ.

"ಅತ್ತಾಗೆ ಸರ್ಕೊ ಮಗಾ. ನಾನೇ ಎತ್ತಿಬಿಡ್ತೀನಿ," ಎಂದು ಅಪ್ಪ ಪಂಚೆ ಎತ್ತಿ ಕಟ್ಟಿದ.

ಮಾದೇವಿ ಓಡಿ ಹೋಗಿ ಅವನ ಕೈ ಹಿಡಿದುಕೊಂಡಳು. "ಬ್ಯಾಡ ಕಣಪ್ಪ. ಯಾರನ್ನಾದ್ರೂ ಕರ್ಕೊಂಡು ಬತ್ತೀನಿ."

ನಮ್ಮ ಕೆಲಸಕ್ಕೆ ಊರವರಿಗೆಲ್ಲ ಯಾಕೆ ತೊಂದರೆ ಎಂದು ಅಪ್ಪ ಗೊಣಗಿದ. ಅವನು ಯಾರ ಹತ್ತಿರವೂ ಏನೂ ಕೇಳದ ಮನುಷ್ಯ. ಅವನ ಮಾತು ಮುಗಿಯುವುದರೊಳಗೆ ಮಾದೇವಿ ಪಕ್ಕದ ಕೊಬ್ಬರಿ ಮಂಡಿಗೆ ಓಟ ಕಿತ್ತಿದ್ದಳು.

ಅಲ್ಲಿ ಬಸಮ್ಮ ಮತ್ತು ಐದು ಜನ ಹೆಂಗಸರು ಕೊಬ್ಬರಿ ಆರಿಸುತ್ತಿದ್ದರು. ಮಾದೇವಿ ತನ್ನ ತಪ್ಪನ್ನೂ ಮುಚ್ಚಿಡದೆ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಬಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೆರಗು ಸಿಕ್ಕಿಸಿ, ಎತ್ತಿನ ಗಾಡಿಗೆ ಮೂಟೆ ಹತ್ತಿಸುವ ಉದ್ದ ಹಲಗೆಗಳನ್ನು ಎಲ್ಲರ ಕೈಲೂ ಹೊರಿಸಿಕೊಂಡು ಬಂದಳು.

ಈ ಕಡೆ ಮೂವರು, ಆ ಕಡೆ ಮೂವರು. ಮಣೆ ಮೇಲೆದ್ದಾಗ ಮಾದೇವಿ ಗಾಲಿಗಳ ಕೆಳಗೆ ಹಲಗೆ ತೂರಿಸಿದಳು. ಉಳಿದ ಹಲಗೆಗಳನ್ನು ಬಾಗಿಲವರೆಗೂ ಜೋಡಿಸಿದರು. ಅಪ್ಪ ಒಂದು ಕೈಯಲ್ಲಿ ತಳ್ಳಿದ್ದಷ್ಟೇ, ಗಾಲಿಮಣೆ ಗಡಗಡನೆ ಹೊರಟಿತು. ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಬಂದು, ಧೂಳೆಬ್ಬಿಸಿಕೊಂಡು ಗಂಡಸಿ ಕಡೆ ಹೋದರು.

ಅಪ್ಪ ಬಸಮ್ಮನಿಗೆ ಕೈ ಮುಗಿದ. "ದೊಡ್ಡ ಉಪ್ಕಾರ ಆಯ್ತು ತಾಯಿ."

"ಬಿಡಣ್ಣ. ಹೋದ ತಿಂಗಳು ನಿಂಗೆ ಸೊಂಟ ಹಿಡೀತಲ್ಲ, ಆವಾಗ್ಲೇ ಯಾಕೆ ಕರೀಲಿಲ್ಲ ಅಂತ ನಾವೆಲ್ಲ ಬೇಜಾರು ಮಾಡ್ಕೊಂಡಿದ್ವಿ."

ಮಾದೇವಿ ಶೆಡ್ಡಿಗೂ ಮಂಡಿಗೂ ನಡುವೆ ಇದ್ದ ಗೋಡೆಯನ್ನು ನೋಡಿದಳು. ಹೋದ ತಿಂಗಳೂ ಇವರೆಲ್ಲ ಅದರ ಆಚೆಗೇ ಇದ್ದರಲ್ಲ ಎಂದುಕೊಂಡಳು.

ಹಲಗೆ ವಾಪಸು ಕೊಡಬೇಕಿತ್ತು. ಅಪ್ಪ ಒಂದನ್ನು ಎತ್ತಲು ಬಗ್ಗಿದವನು, ಅರ್ಧಕ್ಕೇ ನಿಂತು ನೆಟ್ಟಗಾದ.

"ಬಸಮ್ಮ, ಆ ತುದಿ ಒಸಿ ಹಿಡ್ಕೊತೀಯಾ?" ಎಂದ.

ಅಪ್ಪ ಒಬ್ಬರನ್ನು ಹೀಗೆ ಕೇಳಿದ್ದನ್ನು ಮಾದೇವಿ ಅಲ್ಲಿಯವರೆಗೂ ಕಂಡಿರಲಿಲ್ಲ.