ಒಂದೇ ಸಲ ತೊಳೆದ ಕ್ಯಾನು

“ಕ್ಯಾನು ಮೂರು ಸಲ ತೊಳೆದ್ಯಾ?”

ಔಷಧಿ ಹೊಡೆಯುವವನು ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಕಳೆನಾಶಕ ಅಳೆಯುತ್ತಿದ್ದ. ಎದುರಿಗೆ ಬಂದು ಕೂತ ಹುಡುಗಿಯ ಅಪ್ಪನ ಭತ್ತದ ಗದ್ದೆ ಅದು; ನಾಟಿಯಾಗಿ ಇಪ್ಪತ್ತು ದಿನ. ಪೈರಿಗಿಂತ ಕಳೆಯೇ ಸೊಕ್ಕಿ ನಿಂತಿತ್ತು.

“ತೊಳೆದೆ ಮಹಾರಾಯ. ನಾಲ್ಕು ಸಲ.”

ನಾಲ್ಕಲ್ಲ, ಒಂದೇ ಸಲ. ಕಾಲುವೆಯಲ್ಲಿ ಗಲಬರಿಸಿ ಚೆಲ್ಲಿ ಓಡಿ ಬಂದಿದ್ದಳು. ಬೆಳಿಗ್ಗೆ ಅವನು ಬದುವಿನ ಹುಲ್ಲು ಸುಡುವ ಔಷಧಿ ಹೊಡೆದದ್ದು ಅದೇ ಕ್ಯಾನಿನಲ್ಲಿ. ಹುಲ್ಲು ಯಾವುದು, ಭತ್ತ ಯಾವುದು ಎಂದು ನೋಡುವ ಔಷಧಿಯಲ್ಲ ಅದು. ಅವಳಿಗೂ ಗೊತ್ತಿತ್ತು. ಆದರೆ ತೊಳೆಯುತ್ತ ಕೂತರೆ ಅವನೆದುರು ಕೂರುವುದು ಯಾವಾಗ?

“ಏನು, ಹಾಗೆ ನೋಡ್ತೀಯ?”

“ಮಾಸ್ಕ್ ಹಾಕ್ಕೊಂಡ್ರೆ ಬರೀ ಕಣ್ಣು ಕಾಣುತ್ತೆ. ಈಗಲೇ ಪೂರ್ತಿ ನೋಡ್ಕೋತಿದೀನಿ.”

ಅವನ ಕಿವಿ ಕೆಂಪಾಯಿತು. “ನಾಳೆ ನಿಮ್ಮಪ್ಪನ ಹತ್ರ ನಮ್ಮ ಮದುವೆ ವಿಷಯ ಕೇಳಿಬಿಡ್ಲಾ?”

“ಮೊದಲು ಕಳೆ ಸಾಯಲಿ. ಅಪ್ಪ ಖುಷಿಯಾಗಿರ್ತಾರೆ, ಆಗ ಕೇಳು.”

ಐದನೆಯ ದಿನ ಕಳೆ ಬಾಡಿತು. ಜೊತೆಗೆ ಮೂಲೆಯಲ್ಲಿ ಚಾಪೆಯಗಲದಷ್ಟು ಪೈರಿನ ಸುಳಿಯೂ ಬಿಳಿಚಿಕೊಂಡಿತು.

“ನೀರು ಕಮ್ಮಿಯಾಗಿರ್ಬೇಕು ಬಿಡು,” ಎಂದಳು ಅಮ್ಮ.

ಮರುದಿನ ಅದು ಎರಡು ಚಾಪೆಯಾಯಿತು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಆ ಬಿಳುಪು ಸಾಲು ಸಾಲಾಗಿ ಮನೆಯ ಕಡೆಗೇ ನಡೆದು ಬರುತ್ತಿದ್ದಂತಿತ್ತು. ಅವಳು ಕಿಟಕಿ ಮುಚ್ಚಿದಳು.

ಏಳನೆಯ ದಿನ ಅಪ್ಪ ಅವನನ್ನು ಕರೆಸಿದ. ಸತ್ತ ಪೈರಿನ ಒಂದು ಬುಡವನ್ನು ಅವನ ಕಾಲ ಬಳಿ ಎಸೆದ.

“ಕ್ಯಾನು ತೊಳೆದಿದ್ದೆಯೇನೋ?”

ಅವನು ಬಾಗಿಲಲ್ಲಿ ನಿಂತಿದ್ದ ಅವಳ ಕಡೆ ಒಮ್ಮೆ ನೋಡಿದ. ಅವಳ ಮುಖ ಕಂಡೊಡನೆ ಅವನಿಗೆ ಎಲ್ಲ ತಿಳಿಯಿತು. ತಲೆ ತಗ್ಗಿಸಿದ.

“ಇಲ್ಲ. ತಪ್ಪು ನಂದೇ.”

“ಇನ್ಮೇಲೆ ನನ್ನ ಬದು ತುಳೀಬೇಡ. ಅಕ್ಕಪಕ್ಕದೋರಿಗೂ ಹೇಳ್ತೀನಿ, ನಿನ್ನ ಕರೀಬೇಡಿ ಅಂತ.”

ಅವನು ಕ್ಯಾನು ಹೆಗಲಿಗೇರಿಸಿ ತಿರುಗಿದ. ನಾಲ್ಕು ಹೆಜ್ಜೆ ಹೋಗಿಯೂ ಬಿಟ್ಟ.

“ಅಪ್ಪಾ, ಸುಳ್ಳು!” ಅವಳು ಹೊಸಿಲು ದಾಟಿ ಬಂದಳು. “ಒಂದೇ ಸಲ ತೊಳೆದು ನಾಲ್ಕು ಸಲ ಅಂದೋಳು ನಾನು.”

“ಯಾಕೆ?”

“ಅವನ ಜೊತೆ ಮಾತಾಡ್ಬೇಕಿತ್ತು.”

ಒಳಗೆ ಅಮ್ಮನ ಪಾತ್ರೆಗಳ ಸದ್ದು ನಿಂತಿತು. ಅಪ್ಪ ಜಗಲಿಯ ಮೇಲೆ ಕುಸಿದು ಕೂತ. ತಿರುಗಿ ಬಂದವನು ಅವಳ ಪಕ್ಕ ನಿಂತು ಪಿಸುಗುಟ್ಟಿದ:

“ಸುಮ್ನಿದ್ದಿದ್ರೆ ಏನಾಗ್ತಿತ್ತು?”

“ನೀನು ಹೋಗ್ತಿದ್ದೆ.”

“ಈಗ?”

“ಈಗ ಇಬ್ಬರನ್ನೂ ಓಡಿಸ್ತಾರೆ.”

ಅಪ್ಪ ಓಡಿಸಲಿಲ್ಲ. ಗದ್ದೆಯ ಕಡೆ ಕೈ ತೋರಿಸಿ ಹೇಳಿದ: “ಇಬ್ಬರೂ ಇಳೀರಿ. ಗಟ್ಟಿಯಾಗಿರೋ ಬುಡ ಕಿತ್ತು, ಸೀಳಿ, ಸತ್ತ ಕಡೆ ನೆಡಿ. ಪೈರು ಉಳಿದ್ರೆ ನಿಮ್ಮಿಬ್ಬರ ಮದುವೆ ಮಾತು. ಇಲ್ದಿದ್ರೆ ಮಗಳೇ, ಅವನ ಹೆಸರು ಎತ್ಬೇಡ.”

ಕೆಸರು ಮೊಣಕಾಲಿಗೆ ಬಂತು. ಅವನು ಬುಡ ಸೀಳಿ ಅರ್ಧ ಅವಳ ಕೈಗಿಟ್ಟ. ಬೆರಳಿಗೆ ಬೆರಳು ತಾಗಿತು. ಕೆಸರಿದ್ದರೂ ಬೆಚ್ಚಗಿತ್ತು.

“ನನ್ನ ಮೇಲೆ ಕೋಪ ಇಲ್ವಾ?”

“ಇದೆ. ತುಂಬಾ ಇದೆ. ಜೀವನಪೂರ್ತಿ ತೀರಿಸ್ಕೋತೀನಿ.”

ಅವಳು ನಕ್ಕಳು. ಆಗಲೇ, ಬುಡ ಕೀಳುತ್ತಿದ್ದ ಹಸಿರು ಸಾಲಿನಲ್ಲೂ ಒಂದು ಸುಳಿ ಬಿಳಿಚಿದ್ದು ಕಂಡಿತು. ಅವನೂ ನೋಡಿದ. ಆ ಬುಡವನ್ನು ಬಿಟ್ಟು ಪಕ್ಕದ್ದಕ್ಕೆ ಕೈ ಹಾಕಿದ.

“ಬೇಗ ಕೊಡು,” ಎಂದು ಅವಳು ಕೈ ಚಾಚಿದಳು.