ಕಿಟಕಿಯಲ್ಲಿದ್ದ ಹೆಂಗಸು

ಸೋಮವಾರ ಬೆಳಿಗ್ಗೆ 10.20ಕ್ಕೆ ಆರ್ಟ್ ಗ್ಯಾಲರಿಯ ಮ್ಯಾನೇಜರ್ ಏದುಸಿರು ಬಿಡುತ್ತ ಠಾಣೆಗೆ ಬಂದ. ಪ್ರದರ್ಶನಕ್ಕಿಟ್ಟಿದ್ದ ಎಚ್ಚಿಂಗ್ ಒಂದು ಕಳುವಾಗಿತ್ತು. ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಅಚ್ಚು ತೆಗೆದ ಚಿತ್ರ ಅದು. ಆಗಲೇ ಮಾರಾಟವಾಗಿತ್ತು, ಅಂದೇ ಬೇರೆ ಊರಿಗೆ ಹೋಗಬೇಕಿತ್ತು. ದೂರಿನಲ್ಲಿ ಅದರ ವಿವರ ಹೀಗಿತ್ತು: ‘ಗಾರೆ ಉದುರಿದ ಹಳೆಯ ವಠಾರ, ಹರಕು ಬಟ್ಟೆಗಳು, ಕಿಟಕಿಯಲ್ಲಿ ಅಪರಿಚಿತ ಹೆಂಗಸು.’ ಎಫ್‌ಐಆರ್ ದಾಖಲಾಯಿತು.

11.15ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಖಾಲಿ ಚೌಕಟ್ಟು ಮೊಳೆಯಲ್ಲೇ ನೆಟ್ಟಗೆ ತೂಗುತ್ತಿತ್ತು. ಅಕ್ಕಪಕ್ಕದ ಚಿತ್ರಗಳ ಮೇಲೆ ಎರಡು ದಿನದ ಧೂಳಿದ್ದರೆ, ಇದರ ಗಾಜು ಥಳಥಳ ಹೊಳೆಯುತ್ತಿತ್ತು.

“ಬೆರಳಚ್ಚು ಒರೆಸಿದಾರೆ ಸಾರ್,” ಎಂದಳು ಮಹಿಳಾ ಕಾನ್‌ಸ್ಟೇಬಲ್.

“ಕಳ್ಳ ಮೂಲೆಮೂಲೆಗೂ ಬಟ್ಟೆ ತೂರಿಸಿ ಒರೆಸ್ತಾನಾ?” ಎಂದರು ಇನ್‌ಸ್ಪೆಕ್ಟರ್.

ಕಾನ್‌ಸ್ಟೇಬಲ್ ನಕ್ಕಳು. “ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ.”

ಇನ್‌ಸ್ಪೆಕ್ಟರ್ ಮ್ಯಾನೇಜರ್ ಕಡೆ ತಿರುಗಿದರು. “ಇಲ್ಲಿ ಗುಡಿಸಿ ಒರೆಸೋದು ಯಾರು?”

“ಒಬ್ಬ ಅಕ್ಕ ಇದಾರೆ ಸಾರ್. ಆರು ವರ್ಷದಿಂದ ಒಂದು ಗುಂಡುಪಿನ್ನೂ ಮುಟ್ಟಿದವರಲ್ಲ. ಒಂದು ಬೀಗದ ಕೈ ಅವರ ಹತ್ರಾನೇ ಇರುತ್ತೆ. ಇವತ್ತು ಬಂದಿಲ್ಲ.”

ಸಂಜೆ 4.30ಕ್ಕೆ ಆಕೆಯ ಮನೆ ಸಿಕ್ಕಿತು. ಒಂದೇ ಕೋಣೆ, ನೆಲದಲ್ಲಿ ಮುಖ ಕಾಣುವಷ್ಟು ಚೊಕ್ಕಟ. ಚಿತ್ರ ಗೋಡೆಯ ಮೇಲೇ ಇತ್ತು. ಆಕೆ ಅದಕ್ಕೆ ಬೆನ್ನು ಮಾಡಿ, ಎದುರು ಗೋಡೆಯ ಕನ್ನಡಿ ನೋಡುತ್ತ ಕೂತಿದ್ದಳು.

“ಕದ್ದು ತಂದಿದ್ದು ಅದು. ನೋಡ್ತಿರೋದು ಇದನ್ನಾ?” ಎಂದು ಇನ್‌ಸ್ಪೆಕ್ಟರ್ ಕೇಳಿದರು.

“ಅಚ್ಚಲ್ಲಿ ಎಡ ಬಲ ಅದಲುಬದಲಾಗುತ್ತಂತೆ ಸಾರ್. ನಾನು ಹುಟ್ಟಿ ಬೆಳೆದ ವಠಾರ ಅದು, ಈಗ ಕೆಡವಿಬಿಟ್ಟಿದಾರೆ. ನಮ್ಮ ಮೆಟ್ಟಿಲು ಬಲಗಡೆ ಇತ್ತು. ಕನ್ನಡೀಲಿ ನೋಡಿದ್ರೆ ಮನೆ ಸರಿಯಾಗಿ ಕಾಣುತ್ತೆ. ಕಿಟಕೀಲಿರೋದು ನಮ್ಮಮ್ಮ.”

“ಮ್ಯಾನೇಜರ್ ಹತ್ರ ಒಂದು ಮಾತು ಕೇಳಬಹುದಿತ್ತಲ್ಲಮ್ಮ.”

“ಕೇಳ್ದೆ. ಮಾರಬೇಡಿ ಅಂದೆ. ಇದು ನಿಮ್ಮಮ್ಮನೇ ಅನ್ನೋಕೆ ಏನು ಸಾಕ್ಷಿ ಅಂತ ಅವರು ಕೇಳಿದ್ರು. ಅವಳದ್ದು ಒಂದು ಫೋಟೋನೂ ಇಲ್ಲ ಸಾರ್. ಏನು ತೋರಿಸ್ಲಿ?”

ಇನ್‌ಸ್ಪೆಕ್ಟರಿಗೆ ಸಂಕಟವಾಯಿತು. ಆದರೂ ಕಾನೂನು ಕಾನೂನೇ. 5.10ಕ್ಕೆ ಬಂಧನ. ಹೊರಡುವ ಮೊದಲು ಆಕೆ ಸೆರಗಿನಿಂದ ಕನ್ನಡಿ ಒರೆಸಿದಳು. ಯಾರೂ ಅವಸರ ಮಾಡಲಿಲ್ಲ.

ಜಪ್ತಿ ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೇಬಲ್, ದೂರಿನ ಪ್ರತಿ ನೋಡಿಕೊಂಡು ‘ಅಪರಿಚಿತ ಹೆಂಗಸು’ ಎಂದು ನಕಲು ಮಾಡಿದಳು. ಇನ್‌ಸ್ಪೆಕ್ಟರ್ ಪೆನ್ನು ತೆಗೆದುಕೊಂಡು ಆ ಎರಡು ಪದ ಹೊಡೆದುಹಾಕಿದರು. ಮೇಲೆ ‘ಆರೋಪಿಯ ತಾಯಿ’ ಎಂದು ಬರೆದು, ತಿದ್ದಿದ ಜಾಗದಲ್ಲಿ ಸಹಿ ಹಾಕಿದರು.