ಬಿಸಿ ಟೈರಿನಿಂದ ಬಿಟ್ಟ ಗಾಳಿ

ಉಸ್ಸ್ ಎಂದು ಟೈರು ಬಿಟ್ಟ ಗಾಳಿಯ ಸದ್ದಿಗೆ ಸುತ್ತಲಿನ ಹಾವುಗಳೆಲ್ಲ ನೆಂಟರು ಬಂದರೆಂದು ತಲೆಯೆತ್ತಿರಬೇಕು. ಮೀಟರ್ ಮಾತ್ರ ತಲೆ ಎತ್ತಲಿಲ್ಲ. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಗಾಳಿ ಬಿಡುವುದು, ಗಾಳಿ ಅಳೆಯುವ ಗೇಜ್ ಒತ್ತಿ ನೋಡುವುದು, ಮತ್ತೆ ಸ್ವಲ್ಪ ಬಿಡುವುದು, ಹೀಗೇ ಮಾಡುತ್ತಿದ್ದಳು. ಎಪ್ಪತ್ತೆರಡು ತೋರಿಸುತ್ತಿದ್ದ ಮುಳ್ಳು ಇಳಿದಿಳಿದು ಅರವತ್ತೈದಕ್ಕೆ ಬಂದು ನಿಂತಿತು. ಕೂದಲೆಳೆಯಷ್ಟೂ ಆಚೆ ಇಲ್ಲ, ಈಚೆ ಇಲ್ಲ.

ಮೀಟರ್ ಅಂದರೆ ಹತ್ತು ವರ್ಷದ ಹುಡುಗಿ. ಏನು ಕಂಡರೂ ಅಳೆಯುತ್ತಾಳೆಂದು ಅಣ್ಣ ಇಟ್ಟ ಹೆಸರು. ಬೆಕ್ಕಿನ ಬಾಲ, ಅಜ್ಜನ ಗೊರಕೆ, ಪಿ.ಟಿ. ಮೇಷ್ಟ್ರ ಮೀಸೆ, ಯಾವುದನ್ನೂ ಅವಳು ಬಿಟ್ಟವಳಲ್ಲ.

ರಜೆ ಬಂತೆಂದರೆ ಅವರ ಮನೆಯವರು ಮನೆಯನ್ನೇ ಎಳೆದುಕೊಂಡು ಹೊರಡುತ್ತಿದ್ದರು. ಕಾರಿನ ಹಿಂದೆ ಕೊಂಡಿ ಹಾಕಿದ, ಎರಡೇ ಚಕ್ರದ ಪುಟ್ಟ ಗಾಡಿಮನೆ. ಒಳಗೆ ಆಚೆ ಈಚೆ ಮಂಚ, ನಡುವೆ ಒಲೆ, ಎಡಗಡೆ ಮಂಚದ ಕೆಳಗೆ ಅಜ್ಜನ ಕಲ್ಲುಗಳು. ಅಜ್ಜ ಕಾರು ನಿಂತಲ್ಲೆಲ್ಲ ಇಳಿದು ಚಂದದ ಕಲ್ಲು ಹೆಕ್ಕಿ ತಂದು ತುಂಬುತ್ತಿದ್ದರು. ಇನ್ನೆರಡು ರಜೆ ಹೀಗೇ ಕಳೆದರೆ ಭೂಮಿಯ ಮೇಲೆ ಒಂದು ಬೆಟ್ಟವೂ ಉಳಿಯುವುದಿಲ್ಲ, ಬರೆದಿಟ್ಟುಕೊಳ್ಳಿ.

ಕಾರು ಓಡಿಸುವವಳು ಅಮ್ಮ. ಅವಳದು ಒಂದೇ ಕಟ್ಟಪ್ಪಣೆ. ಬೆಳಿಗ್ಗೆ ಚಕ್ರ ಒಂದು ಸುತ್ತು ಉರುಳುವ ಮೊದಲೇ ಗಾಡಿಮನೆಯ ಟೈರುಗಳ ಗಾಳಿ ನೋಡಬೇಕು. ಎಷ್ಟಿರಬೇಕೆಂದು ಚಕ್ರದ ಮೇಲುಗಡೆ ಬಿಳಿ ಬಣ್ಣದಲ್ಲಿ ಅವಳೇ ಬರೆದಿದ್ದಳು, ಅರವತ್ತೈದು. ಈ ಕೆಲಸಕ್ಕಾಗಿ ಅಣ್ಣನೂ ಮೀಟರೂ ಆಡಿದ ಜಗಳಕ್ಕೆ ಪಕ್ಕದ ಮನೆಯವರು ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡಿದ್ದರು. ಕೊನೆಗೆ ಗೇಜ್ ಮೀಟರಿಗೇ ಸಿಕ್ಕಿತು. ಒಂದು ದಿನ ತಪ್ಪಿದರೂ ಅದು ತನಗೆ ಎಂದು ಅಣ್ಣ ಷರತ್ತು ಹಾಕಿದ್ದ.

ಇವತ್ತು ಬೆಳಿಗ್ಗೆ ಅದೇ ತಪ್ಪಿತು. ಮೀಟರ್ ಕುಂಭಕರ್ಣನ ತಂಗಿಯಂತೆ ಮಲಗಿಬಿಟ್ಟಿದ್ದಳು. ಟೈರ್ ನೋಡಿದೆಯಾ ಎಂದು ಅಮ್ಮ ಕೇಳಿದಾಗ, ಕಣ್ಣು ಬಿಡುವ ಮೊದಲೇ ಬಾಯಿ ‘ಹೂಂ’ ಅಂದುಬಿಟ್ಟಿತ್ತು.

ಆ ‘ಹೂಂ’ ಚಪ್ಪಲಿಯೊಳಗಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಮಧ್ಯಾಹ್ನ ಎಲ್ಲರೂ ಮರದಡಿ ಊಟ ಮಾಡುವಾಗ ಅವಳು ಮೆಲ್ಲಗೆ ಜಾರಿಕೊಂಡು ಬಂದು ನೋಡಿದರೆ, ಎರಡೂ ಟೈರಿನಲ್ಲಿ ಗಾಳಿ ಹೆಚ್ಚು! ಸದ್ಯ, ಬಂದು ನೋಡಿದ್ದೇ ಒಳ್ಳೆಯದಾಯಿತು ಅಂದುಕೊಂಡಳು. ಎರಡನ್ನೂ ಅರವತ್ತೈದಕ್ಕೆ ಇಳಿಸಿ, ಮುಚ್ಚಳ ಬಿಗಿದು, ಜಗತ್ತನ್ನೇ ಕಾಪಾಡಿದವಳ ಹಾಗೆ ಬಂದು ಕಾರಿನಲ್ಲಿ ಕೂತಳು.

ಕಾರು ಹೊರಟಿತು. ಆ ಬಿಸಿಲಿಗೆ ರಸ್ತೆಯ ಮೇಲೆ ಹಪ್ಪಳ ಹಾಕಿದ್ದರೆ ತಾನೇ ತಿರುಗಿ ಬೀಳುತ್ತಿತ್ತು. ಅಣ್ಣ ಸುಮ್ಮನಿರಲಾರದೆ, ಬೆಳಿಗ್ಗೆಯೇ ಎದ್ದು ಯಾಕೆ ಗಾಳಿ ನೋಡಬೇಕು, ಊಟ ಆದಮೇಲೆ ಆರಾಮಾಗಿ ನೋಡಬಾರದೇ ಎಂದು ತಗಾದೆ ತೆಗೆದ.

"ಓಡಿದ ಟೈರ್ ಬಿಸಿ ಆಗಿರತ್ತೆ ಕಣೋ," ಅಂದಳು ಅಮ್ಮ. "ಬಿಸಿಗೆ ಒಳಗಿನ ಗಾಳಿ ಉಬ್ಬತ್ತೆ. ಗೇಜ್ ಜಾಸ್ತಿ ತೋರಿಸತ್ತೆ. ನಿಜವಾಗ್ಲೂ ಎಷ್ಟಿದೆ ಅನ್ನೋದು ತಣ್ಣಗಿದ್ದಾಗ್ಲೇ ಗೊತ್ತಾಗೋದು."

ಮೀಟರ್ ಸೀಟಿನ ತುದಿಗೆ ಸರಿದಳು.

"ಅಮ್ಮಾ, ಬಿಸಿ ಇದ್ದಾಗ ಯಾರಾದ್ರೂ ಗಾಳಿ ಬಿಟ್ರೆ?"

"ಬಿಟ್ರೆ ಇರೋದೂ ಕಮ್ಮಿ ಆಗತ್ತೆ. ಟೈರ್ ಚಪ್ಪಟೆಯಾಗಿ ಓಡತ್ತೆ, ಇನ್ನೂ ಕಾಯತ್ತೆ, ಆಮೇಲೆ ಒಡೆಯತ್ತೆ. ಹಿಂದಿನ ಗಾಡಿ ಟೈರ್ ನೋಡು, ಅದರ ಕಷ್ಟ ಮುಂದೆ ಕೂತಿರೋ ನಮಗೆ ಗೊತ್ತೇ ಆಗಲ್ಲ."

ಅಜ್ಜ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಅಣ್ಣ ಬಾಳೆಹಣ್ಣು ಸುಲಿಯುತ್ತಿದ್ದ. ಮೀಟರ್ ಹಿಂದೆ ತಿರುಗಿ ನೋಡಿದಳು. ಗಾಜಿನಾಚೆ ಗಾಡಿಮನೆ ಏನೂ ತಿಳಿಯದ ಹಾಗೆ ತಲೆಯಾಡಿಸುತ್ತ ಬರುತ್ತಿತ್ತು. ಸ್ವಲ್ಪ ಎಡಕ್ಕೆ ವಾಲಿದೆಯೇ? ಅಥವಾ ಮೊದಲಿನಿಂದಲೂ ಹಾಗೇ ಇತ್ತೇ?

ಹೇಳಿದರೆ ಗೇಜ್ ಅಣ್ಣನ ಪಾಲು. ಬರೀ ಗೇಜ್ ಅಲ್ಲ, ಬೆಳಗಿನ ‘ಹೂಂ’ ಕೂಡ ಹೊರಗೆ ಬೀಳುತ್ತದೆ. ಹೇಳದಿದ್ದರೆ? ಅವಳ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ, ಕಾರಿನ ಎಂಜಿನ್ನು ನಾಚಿಕೊಂಡು ಸದ್ದು ಕಡಿಮೆ ಮಾಡಿತು. ಅಂಗೈ ಬೆವರಿನಲ್ಲಿ ಕಪ್ಪೆ ಸಾಕಬಹುದಿತ್ತು.

ಮುಂದೆ ಒಂದು ಹಳದಿ ಬೋರ್ಡು ಕಂಡಿತು. ಇಳಿಜಾರು, ತಿರುವುಗಳು.

"ಅಮ್ಮಾ, ನಾನು ಗಾಳಿ ಬಿಟ್ಟೆ."

ಅಣ್ಣ ಮೂಗು ಮುಚ್ಚಿಕೊಂಡ. "ಥೂ, ಕಿಟಕಿ ಇಳಿಸಿ."

"ಟೈರಿಂದು," ಅಂದಳು ಮೀಟರ್. ಅವಳ ದನಿ ಸೊಳ್ಳೆಯ ದನಿಗಿಂತ ಸಣ್ಣದಾಗಿತ್ತು. "ಊಟದ ಹೊತ್ತಲ್ಲಿ. ಎರಡರದ್ದೂ. ಬೆಳಿಗ್ಗೆ ನಾನು ನೋಡೇ ಇರ್ಲಿಲ್ಲ."

ಅಮ್ಮ ಬ್ರೇಕನ್ನು ಒಮ್ಮೆಲೇ ತುಳಿಯಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ವೇಗ ಇಳಿಸುತ್ತ ಇಳಿಸುತ್ತ, ಇಳಿಜಾರು ಶುರುವಾಗುವ ಮೊದಲೇ ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು. ಅಷ್ಟು ದೂರ ಸಾಗಲು ಮೀಟರಿನ ಲೆಕ್ಕದಲ್ಲಿ ನೂರು ವರ್ಷ ಹಿಡಿಯಿತು.

ಇಳಿದರೆ ರಬ್ಬರು ಸುಟ್ಟ ವಾಸನೆ. ಎಡಗಡೆಯ ಟೈರಿನ ಹತ್ತಿರ ಯಾರೂ ಹೋಗಬೇಡಿ ಎಂದು ಅಮ್ಮ ಎಲ್ಲರನ್ನೂ ದೂರ ನಿಲ್ಲಿಸಿದಳು. ಅದು ಆರಲಿ ಎಂದು ಕಾದು, ಆಮೇಲೆ ಬಗ್ಗಿ ನೋಡಿದಳು. ಟೈರಿನ ಪಕ್ಕೆ ಸುಕ್ಕುಗಟ್ಟಿತ್ತು. ಒಂದು ಕಡೆ ನಿಂಬೆಹಣ್ಣಿನಷ್ಟು ಉಬ್ಬಿತ್ತು.

ಅಮ್ಮ ಆ ಉಬ್ಬನ್ನು ನೋಡುತ್ತಲೇ ನಿಂತಳು. ಆಮೇಲೆ ಇಳಿಜಾರಿನ ಕಡೆ ನೋಡಿದಳು. ಮೀಟರ್ ಬೈಗುಳಕ್ಕೆ ಕಾದಳು. ಬೈದಿದ್ದರೇ ಚೆನ್ನಾಗಿತ್ತು.

"ಎಡಗಡೇದೇ ಯಾಕೆ ಹೀಗಾಯ್ತು?" ಅಂದ ಅಣ್ಣ.

ಅಜ್ಜ ಕೆಮ್ಮಿದರು. ಯಾರ ಮುಖವನ್ನೂ ನೋಡದೆ ಗಾಡಿಮನೆಯೊಳಗೆ ಹೋಗಿ, ಮಂಚದ ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ಹೊರಗೆ ತಂದು ಇಡತೊಡಗಿದರು. ಅಷ್ಟು ಕಲ್ಲಿನಲ್ಲಿ ಒಂದು ಕೋಟೆ ಕಟ್ಟಬಹುದಿತ್ತು. ಮೀಟರ್ ಹೋಗಿ ಅವರ ಜೊತೆ ಹೊತ್ತಳು. ಅಮ್ಮ ಜಾಕ್ ಹಾಕಿ ಸ್ಟೆಪ್ನಿ ಕೂರಿಸಿದಳು. ಅಣ್ಣ ಬಲಗಡೆಯ ಟೈರಿಗೆ ಕಾಲುಪಂಪಿನಲ್ಲಿ ಗಾಳಿ ಹೊಡೆದೂ ಹೊಡೆದೂ ಟೊಮೆಟೊ ಆದ. ಮತ್ತೆ ಕಾರು ಹತ್ತುವಾಗ ಮೀಟರ್ ತಾನಾಗಿಯೇ ಗೇಜನ್ನು ಅಣ್ಣನ ಕೈಗೆ ಕೊಟ್ಟಳು. ಅವನು ಕುಣಿಯಲಿಲ್ಲ. ಸುಮ್ಮನೆ ಜೇಬಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಕೋಳಿಗಳು ಇನ್ನೂ ಆಕಳಿಸುತ್ತಿರುವಾಗಲೇ ಮೀಟರ್ ಚಕ್ರದ ಪಕ್ಕ ಕೂತಿದ್ದಳು. ಟೈರಿನ ಮೇಲೆ ಅಂಗೈ ಇಟ್ಟಳು. ಇಬ್ಬನಿ ಕೂತು ತಣ್ಣಗಿತ್ತು. ಕಣ್ಣುಜ್ಜುತ್ತ ಬಂದ ಅಣ್ಣ ಗೇಜನ್ನು ಅವಳ ಮಡಿಲಿಗೆ ಎಸೆದ.

"ಇವತ್ತೊಂದಿನ ನೀನೇ ನೋಡು. ನಂಗೆ ನಿದ್ದೆ," ಎಂದು ಒಳಗೆ ಹೋಗಿ ಮಲಗಿದ.

ಅವಳು ಗೇಜ್ ಒತ್ತಿದಳು. ಮುಳ್ಳು ಮೇಲೇರಿ ನಿಂತಿತು. ಪಂಪು ಪಕ್ಕದಲ್ಲೇ ಇತ್ತು. ಯಾರಿಗೂ ಹೇಳದೆ ನಾಲ್ಕು ಸಲ ತುಳಿದರೆ ಸರಿಹೋಗುತ್ತಿತ್ತು.

ಕಿಟಕಿಯಿಂದ ಅಮ್ಮ ತಲೆ ಹೊರಹಾಕಿದಳು. "ಎಷ್ಟಿದೆ?"

"ಅರವತ್ತೆರಡು," ಅಂದಳು ಮೀಟರ್. "ಮೂರು ಕಮ್ಮಿ ಇದೆ, ಅಮ್ಮಾ."